ಇಳುಕಲಿನ ಪಾಠಗಳು

ಕಾಡುದಾರಿಯಲ್ಲಿ ಗಾಡಿ ಓಡಿಸುವುದನ್ನು ನನಗೆ ಕಲಿಸಿದವರು ಕೊಡಚಾದ್ರಿಗೆ ಬಾಡಿಗೆ ಜೀಪು ಓಡಿಸುವ ಚಾಲಕರು. 1343 ಮೀಟರ್ ಎತ್ತರದ ಬೆಟ್ಟ. ಮೇಲೆ ಹೋದಂತೆ ಬರೀ ಕಲ್ಲು, ಕೊರಕಲು, ಕೆಮ್ಮಣ್ಣು. ಅವರ ಪಕ್ಕದ ಸೀಟಿನಲ್ಲಿ ಕೂತು ಕೈಕಾಲು ಆಡುವುದನ್ನೇ ನೋಡುತ್ತಿದ್ದೆ. “ಹತ್ತಿಸೋದೇನು ಮಹಾ ಮಾರಾಯ್ರೆ, ಇಳಿಸೋದು ನೋಡಿ” ಎಂದಿದ್ದರು ಒಬ್ಬ ಹಿರಿಯರು.

ಇಳುಕಲು ಶುರುವಾಗುವ ಮೊದಲೇ ಅವರು ಗಾಡಿ ನಿಲ್ಲಿಸಿ ಫೋರ್ ವೀಲ್ ಲೋಗೆ, ಅಂದರೆ ನಾಲ್ಕೂ ಗಾಲಿಗೆ ಬಲ ಕೊಡುವ ನಿಧಾನದ ಗೇರಿಗೆ, ಹಾಕಿಬಿಡುತ್ತಿದ್ದರು. ಫಸ್ಟ್ ಗೇರು, ಕ್ಲಚ್ಚಿನ ಮೇಲೆ ಕಾಲಿಲ್ಲ. ಇಂಜಿನ್ನೇ ಗಾಡಿಯನ್ನು ಹಿಡಿದು ನಿಧಾನಕ್ಕೆ ಇಳಿಸುತ್ತದೆ. ಒದ್ದೆ ಮಣ್ಣಿನಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದರೆ ಗಾಲಿ ನಿಲ್ಲುತ್ತದೆ, ಗಾಡಿ ಜಾರುತ್ತಲೇ ಇರುತ್ತದೆ. ಆಗ ಸ್ಟೀರಿಂಗ್ ಎತ್ತ ತಿರುಗಿಸಿದರೂ ಕೇಳುವುದಿಲ್ಲ.

ಫೋರ್ ವೀಲ್ ಇದೆಯೆಂಬ ಧೈರ್ಯಕ್ಕೂ ಮಿತಿಯಿದೆ. ಎಡಬಲದ ಗಾಲಿಗಳನ್ನು ಒಟ್ಟಿಗೇ ಸುತ್ತಿಸುವ ಡಿಫರೆನ್ಶಿಯಲ್ ಲಾಕ್ ಇಲ್ಲದ ಗಾಡಿಯ ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ನೆಲ ಬಿಟ್ಟರೆ ಅವೆರಡೇ ಗಿರಗಿರ ಸುತ್ತುತ್ತವೆ. ನೆಲದ ಮೇಲಿರುವ ಗಾಲಿಗಳು ಅಲ್ಲಾಡುವುದಿಲ್ಲ. ಆಕ್ಸಿಲರೇಟರ್ ತುಳಿದು ಫಲವಿಲ್ಲ. ಇಳಿದು, ಎದ್ದ ಗಾಲಿಯಡಿ ಕಲ್ಲು ಕೊಡಬೇಕು. ಹೂತ ಮೇಲೆ ಫೋರ್ ವೀಲ್ ಹಾಕುವವರೇ ಹೆಚ್ಚು. ಕೆಸರು ಕಂಡೊಡನೆ ಹಾಕಿದರೆ ಗಾಲಿ ಅಷ್ಟು ಸುತ್ತುವುದಿಲ್ಲ, ದಾರಿಯೂ ಕೀಳುವುದಿಲ್ಲ. ಡಾಂಬರು ಸಿಕ್ಕ ಕೂಡಲೇ ತೆಗೆಯಬೇಕು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ, ಫೋರ್ ವೀಲ್ ಮಾತ್ರ ಎರಡನ್ನೂ ಒಂದೇ ವೇಗದಲ್ಲಿ ಸುತ್ತಿಸಲು ನೋಡುತ್ತದೆ. ಒಣ ರಸ್ತೆಯಲ್ಲಿ ಆ ಎಳೆದಾಟವೆಲ್ಲ ಗೇರ್‌ಬಾಕ್ಸ್ ಮೇಲೆ ಬೀಳುತ್ತದೆ.

ದಾರಿ ಕೀಳುವ ಮಾತು ಬಂತಲ್ಲ, ನನಗೆ ಹೊಟ್ಟೆ ಉರಿಯುವುದು ಅಲ್ಲೇ. ಬಿರುಸಿನಿಂದ ಸುತ್ತಿದ ಗಾಲಿ ತೋಡಿದ ಗಾಡಿಜಾಡು ಜೂನ್ ಮಳೆಗೆ ಕಾಲುವೆಯಾಗುತ್ತದೆ. ಗುಡ್ಡದ ಮಣ್ಣು ಅದರಲ್ಲೇ ಹರಿದುಹೋಗುತ್ತದೆ. ಜಾಡು ಆಳವಾಯಿತೆಂದು ಮುಂದಿನವರು ಪಕ್ಕದ ಹುಲ್ಲಿನ ಮೇಲೆ ಹತ್ತಿಸುತ್ತಾರೆ, ಮರುವರ್ಷ ಅದೂ ಕೊರಕಲು. ಇಂಥ ಇಳಿಜಾರಿನಲ್ಲಿ ಒಮ್ಮೆ ಕಿತ್ತ ಹುಲ್ಲು ಬೇಗ ಮರಳುವುದಿಲ್ಲ. ಹಳೆಯ ಜಾಡಿನಲ್ಲಿ ಹೋಗಲಾಗದಿದ್ದರೆ ಗಾಡಿ ತಿರುಗಿಸಿ ಎನ್ನುತ್ತೇನೆ. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದಲ್ಲಿ. ಅರಣ್ಯ ಇಲಾಖೆಯ ಗೇಟು ಹಾಕಿದ್ದರೆ ಬಳಸುದಾರಿ ಹುಡುಕುವವರ ಜೊತೆ ನಾನು ಹೋಗುವುದಿಲ್ಲ.

ಹಳ್ಳ ಅಡ್ಡ ಬಂದರೆ ಮೊದಲು ನಡೆದು ದಾಟಿ ನೋಡುತ್ತೇನೆ. ನೀರಿನ ಸೆಳವಿಗೆ ಕಾಲು ನಿಲ್ಲದ ಕಡೆ ಗಾಡಿ ಇಳಿಸುವುದಿಲ್ಲ. ಮಳೆಗಾಲ ಮುಗಿದು ಮಣ್ಣು ಗಟ್ಟಿಯಾಗುವವರೆಗೆ ಗಾಡಿ ಬುಡದಲ್ಲೇ ಇರುತ್ತದೆ. ಬೆಟ್ಟ ನೋಡಲೇಬೇಕೆನಿಸಿದರೆ, ಅರಣ್ಯ ಇಲಾಖೆ ಬಿಟ್ಟರೆ, ನಡೆದು ಹತ್ತುತ್ತೇನೆ.