ಚಾಕ್‌ಪೀಸು ಯಾರ ಕೈಯಲ್ಲಿ?

ಸಭೆಗಳಲ್ಲಿ ಜನ ಹೇಳಿದ್ದನ್ನೇ ಯಾಕೆ ಮತ್ತೆ ಮತ್ತೆ ಹೇಳುತ್ತಾರೆ? ಅರಳಿಕಟ್ಟೆಯ ಸಭೆಯಾಗಲಿ, ಬೆಂಗಳೂರಿನ ಎ.ಸಿ. ಕೋಣೆಯ ಸಭೆಯಾಗಲಿ, ನಾನು ಕಂಡ ಕಾರಣ ಒಂದೇ. ತಮ್ಮ ಮಾತು ಯಾರ ಕಿವಿಗಾದರೂ ಬಿತ್ತೋ ಇಲ್ಲವೋ ಎಂದು ಅವರಿಗೆ ಗೊತ್ತಾಗುವುದಿಲ್ಲ. ಅದೇ ಮಾತನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ದೊಡ್ಡದಾಗಿ ಬರೆದು, ಪಕ್ಕದಲ್ಲೊಂದು ಸಣ್ಣ ಚಿತ್ರ ಎಳೆದುಬಿಡಿ. ಹೇಳಿದವರು ಒಮ್ಮೆ ಅತ್ತ ನೋಡುತ್ತಾರೆ, ತಲೆಯಾಡಿಸುತ್ತಾರೆ, ಮುಂದಿನ ಮಾತಿಗೆ ಹೋಗುತ್ತಾರೆ. ಸಭೆ ನಡೆಯುತ್ತಿರುವಾಗಲೇ ಚಿತ್ರ ಬರೆಯುವುದು ಇವತ್ತು ನನ್ನ ವೃತ್ತಿ. ಅದನ್ನು ನಾನು ಕಲಿತದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ, ನೆಲದ ಮೇಲೆ.

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಮುದಾಯ ಆಧಾರಿತ ಕೆರೆ ಯೋಜನೆ ಶುರುವಾದಾಗ, ಊರಿನವರೇ ಸಂಘ ಕಟ್ಟಿಕೊಂಡು ತಮ್ಮ ಕೆರೆಗೆ ಏನು ಆಗಬೇಕೆಂದು ತೀರ್ಮಾನಿಸಬೇಕಿತ್ತು. ಆ ಕಾಲದಲ್ಲಿ ನಾನು ಒಂದು ಸ್ವಯಂಸೇವಾ ಸಂಸ್ಥೆಯ ಪರವಾಗಿ ಊರೂರಿಗೆ ಹೋಗುತ್ತಿದ್ದೆ. ಊರಿನವರೇ ತಮ್ಮ ಊರಿನ ನಕ್ಷೆ ಬರೆದು ಚರ್ಚಿಸುವ, ಪಿ.ಆರ್.ಎ. ಎಂದು ನಾವೆಲ್ಲ ಕರೆಯುತ್ತಿದ್ದ ವಿಧಾನ ಅಷ್ಟು ಹೊತ್ತಿಗೆ ಕರ್ನಾಟಕಕ್ಕೆ ಹಳೆಯದಾಗಿತ್ತು. 1980ರ ದಶಕದ ಕೊನೆಯಲ್ಲೇ ಮೈರಾಡ ಸಂಸ್ಥೆಯವರು ಇಲ್ಲಿನ ಹಳ್ಳಿಗಳಲ್ಲಿ ಅದನ್ನು ಬಳಸಿ ಬೆಳೆಸಿದ್ದರು. ಅದನ್ನು ಜಗತ್ತಿಗೆಲ್ಲ ಪರಿಚಯಿಸಿದ ರಾಬರ್ಟ್ ಚೇಂಬರ್ಸ್ ಒತ್ತಿ ಹೇಳುತ್ತಿದ್ದದ್ದು ಒಂದು ಸರಳ ಸಂಗತಿ: ಕೋಲನ್ನು ಊರಿನವರ ಕೈಗೆ ಕೊಟ್ಟು, ಹೊರಗಿನಿಂದ ಬಂದವರು ಸುಮ್ಮನೆ ಕೂರಬೇಕು.

ಕೂತು ನೋಡಿದರೆ ಆಗುವುದು ಹೀಗೆ. ದೇವಸ್ಥಾನದ ಮುಂದಿನ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಬೂದಿ, ಒಂದಿಷ್ಟು ಹುಣಸೆ ಬೀಜ ಇಟ್ಟಿರುತ್ತೇವೆ. ಮೊದಲ ಗೆರೆ ಎಳೆಯುವುದಕ್ಕೆ ಎಲ್ಲರಿಗೂ ಸಂಕೋಚ. ಯಾರೋ ಒಬ್ಬರು ಕೆರೆ ಏರಿಯನ್ನು ಎಳೆದ ತಕ್ಷಣ ಇನ್ನೊಬ್ಬರಿಗೆ ತಡೆಯಲಾಗುವುದಿಲ್ಲ. "ಏರಿ ಅಷ್ಟು ನೆಟ್ಟಗೆ ಎಲ್ಲೈತೆ, ಕೋಡಿ ಹತ್ರ ಬಾಗ್ತೈತಲ್ಲ" ಎಂದು ಅಳಿಸಿ ತಿದ್ದುತ್ತಾರೆ. ತೂಬು ಬರುತ್ತದೆ, ಅಚ್ಚುಕಟ್ಟು ಬರುತ್ತದೆ, ಕೆರೆಗೆ ನೀರು ತರುವ ಹಳ್ಳ ಬರುತ್ತದೆ. ವರ್ಷಾನುಗಟ್ಟಲೆ ತೂಬು ತೆಗೆದು ಮುಚ್ಚಿದ ನೀರುಗಂಟಿ, ಸಭೆಯಲ್ಲಿ ಬಾಯಿ ಬಿಡದೆ ಮೂಲೆಯಲ್ಲಿ ನಿಂತವರು, ಈಗ ಮಂಡಿಯೂರಿ ಕೂತು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯುತ್ತದೆಂದು ಬೆರಳಿನಿಂದ ತೋರಿಸುತ್ತಾರೆ. ಮಾತಿನ ಸಭೆಯಲ್ಲಿ ಗೌಡರ ದನಿ ದೊಡ್ಡದು. ನಕ್ಷೆಯ ಮುಂದೆ, ನೀರು ಹರಿಯುವ ದಾರಿ ಬಲ್ಲವರ ಬೆರಳು ದೊಡ್ಡದು.

ಜಗಳದ ದಿಕ್ಕೂ ಬದಲಾಗುತ್ತದೆ. ಶಿರಾ ಕಡೆಯ ಒಂದು ಊರಿನಲ್ಲಿ ಮೇಲಿನ ಗದ್ದೆಯವರಿಗೂ ಕೊನೆ ಗದ್ದೆಯವರಿಗೂ ಮಾತು ನಿಂತುಹೋಗಿತ್ತು. ನೀರು ಬಿಡುವ ವಿಷಯ ಎತ್ತಿದರೆ "ನಿಮ್ಮಪ್ಪನ ಕಾಲದಿಂದ ನೀವು ಹಿಂಗೇ" ಎಂಬಲ್ಲಿಗೆ ಹೋಗುತ್ತಿತ್ತು. ನಕ್ಷೆಯ ಮೇಲೆ ಕಾಲುವೆ ಎಳೆದಾಗ ನಡುವೆ ಒಂದು ಕಡೆ ಅದು ಒಡೆದು ನೀರು ಹಳ್ಳಕ್ಕೆ ಸೇರುತ್ತಿದ್ದದ್ದನ್ನು ಎರಡೂ ಕಡೆಯವರೇ ಗುರುತು ಮಾಡಿದರು. ಅಲ್ಲಿಂದ ಮುಂದೆ ಬೆರಳುಗಳೆಲ್ಲ ಆ ಒಡಕಿನ ಕಡೆ ತಿರುಗಿದವು. ಒಬ್ಬರ ಕಡೆ ಒಬ್ಬರು ಕೈ ತೋರಿಸುವುದು ನಿಂತಿತು. ಹಳೆಯ ಸಿಟ್ಟು ಆ ಒಂದು ಮಧ್ಯಾಹ್ನದಲ್ಲಿ ಕರಗಿತು ಎಂದೇನೂ ನಾನು ಹೇಳುವುದಿಲ್ಲ. ಕಾಲುವೆ ದುರಸ್ತಿ ಮಾತ್ರ ಮೊದಲ ಕೆಲಸವಾಗಿ ಪಟ್ಟಿಗೆ ಸೇರಿತು.

ಚಿತ್ರಕ್ಕೆ ಇನ್ನೊಂದು ಮುಖವಿದೆ, ಅದನ್ನು ಈ ಕೆಲಸ ಮಾಡುವ ಪ್ರತಿಯೊಬ್ಬರೂ ಎದುರಿಸಲೇಬೇಕು. ನಕ್ಷೆಯಲ್ಲಿ ಬರೆದದ್ದು ಇದೆ ಎಂದಾಗುತ್ತದೆ. ಬರೆಯದೆ ಬಿಟ್ಟದ್ದು ಇಲ್ಲವೇ ಇಲ್ಲ ಎಂದಾಗಿಬಿಡುತ್ತದೆ. ಒಂದು ಊರಿನ ನಕ್ಷೆ ಮುಗಿದು ಎಲ್ಲರೂ ಕೈ ಝಾಡಿಸಿಕೊಂಡು ಎದ್ದರು. ಶಾಲೆ ಇತ್ತು, ಡೈರಿ ಇತ್ತು, ಪ್ರತಿ ಓಣಿಯೂ ಇತ್ತು. ದಲಿತರ ಕಾಲೋನಿ ಇರಲಿಲ್ಲ. ಯಾರೂ ಬೇಕೆಂದೇ ಬಿಟ್ಟಿರಲಿಕ್ಕಿಲ್ಲ. ಅವರ ಮನಸ್ಸಿನ ಊರಿನಲ್ಲಿ ಅದು ಇರಲಿಲ್ಲ, ಅಷ್ಟೆ. ಕಾಲೋನಿಯಿಂದ ಬಂದು ದೂರದಲ್ಲಿ ನಿಂತಿದ್ದ ಹೆಂಗಸರ ಕೈಗೆ ಚಾಕ್‌ಪೀಸು ಕೊಟ್ಟಾಗ ಅವರು ಮೊದಲು ತಮ್ಮ ಮನೆಗಳನ್ನು ಬರೆದರು, ಆಮೇಲೆ ನೀರಿಗೆ ತಾವು ನಡೆಯುವ ದಾರಿಯನ್ನು. ಆ ದಾರಿ ನಕ್ಷೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಯಿತು.

ಅಂದಿನಿಂದ ಒಂದೇ ನಕ್ಷೆಯನ್ನು ನಾನು ನಂಬುವುದಿಲ್ಲ. ಗಂಡಸರಿಗೆ ಒಂದು ಜಾಗ, ಹೆಂಗಸರಿಗೆ ಒಂದು ಜಾಗ, ಕಾಲೋನಿಯವರು ಬಯಸಿದರೆ ಅವರದೇ ಒಂದು. ಗಂಡಸರ ಕೆರೆಯಲ್ಲಿ ತೂಬು, ಗದ್ದೆ, ಒತ್ತುವರಿ. ಹೆಂಗಸರ ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ದನ ಇಳಿಯುವ ಜಾಗ, ಸೌದೆಗೆ ಕಡಿಯುವ ಜಾಲಿ. ಕೊನೆಗೆ ಎಲ್ಲ ನಕ್ಷೆಗಳನ್ನೂ ಪಕ್ಕಪಕ್ಕ ಇಟ್ಟು ಎಲ್ಲರೂ ಓಡಾಡಿ ನೋಡಿದ ಮೇಲೆಯೇ ಚರ್ಚೆ. ಹೂಳು ತೆಗೆಯುವ ಯಂತ್ರ ಒಗೆಯುವ ಕಲ್ಲಿನ ಮೇಲೇ ಹಾದುಹೋಗುತ್ತದೆ ಎಂಬುದು ಹೀಗಲ್ಲದೆ ಬೇರೆ ಯಾವ ರೀತಿಯಲ್ಲೂ ಹೊರಬರುತ್ತಿರಲಿಲ್ಲ.

ಬೆಂಗಳೂರಿನ ಕಚೇರಿ ಸಭೆಗಳಿಗೆ ನನ್ನನ್ನು ಕರೆಯತೊಡಗಿದ ಮೇಲೆ ಇದರ ಇನ್ನೊಂದು ಕವಲು ಪರಿಚಯವಾಯಿತು. ಅಮೆರಿಕದಲ್ಲಿ ಮೈಕೆಲ್ ಡಾಯ್ಲ್ ಮತ್ತು ಡೇವಿಡ್ ಸ್ಟ್ರಾಸ್ 1976ರ ತಮ್ಮ ಪುಸ್ತಕದಲ್ಲಿ, ಸಭೆ ನಡೆಸುವವರು ಒಬ್ಬರು, ಗೋಡೆಯ ಮೇಲೆ ಬರೆಯುವವರು ಇನ್ನೊಬ್ಬರು ಎಂದು ಕೆಲಸ ಬೇರ್ಪಡಿಸಿದ್ದರು. ಗೋಡೆಯ ಆ ಕಾಗದವೇ ಗುಂಪಿನ ನೆನಪು. ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಸಿಬೆಟ್ 1977ರಲ್ಲಿ ಇದಕ್ಕೆಂದೇ ಸಂಸ್ಥೆ ಕಟ್ಟಿ, ಬರವಣಿಗೆಯ ಜೊತೆ ಚಿತ್ರವನ್ನೂ ಪೂರ್ಣವಾಗಿ ಬೆಸೆದರು. ಕೆಲಸ ಹಂಚಿಕೊಳ್ಳುವ ಆ ನಿಯಮವನ್ನು ನಾನು ಬಿಟ್ಟಿಲ್ಲ. ಬರೆಯುವವರಿಗೆ ಕಿವಿ ಪೂರ್ತಿಯಾಗಿ ಬೇಕು. ಸಭೆಯನ್ನೂ ಸಂಭಾಳಿಸಿ ಚಿತ್ರವನ್ನೂ ಬರೆಯಹೊರಟರೆ ಎರಡೂ ಸೊರಗುತ್ತವೆ.

ಕನ್ನಡದಲ್ಲಿ ಗೋಡೆಬರಹ ಮಾಡುವವರಿಗೆ ಇಂಗ್ಲಿಷ್ ಪುಸ್ತಕಗಳು ಹೇಳದ ಕೆಲವು ವಿಷಯಗಳಿವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಗುರುತುಗಳು ಮೇಲೆ ಏರುತ್ತವೆ. ಹಾಗಾಗಿ ಎರಡು ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದ ನಮ್ಮಲ್ಲಿಲ್ಲ. ಮುಖ್ಯವಾದದ್ದನ್ನು ಎತ್ತಿ ತೋರಿಸಲು ಗಾತ್ರ, ಬಣ್ಣ ಅಥವಾ ಒಂದು ಚೌಕಟ್ಟು ಬೇಕು. ಪದಗಳು ಉದ್ದ, ಆದ್ದರಿಂದ ಪೂರ್ಣ ವಾಕ್ಯಕ್ಕೆ ಹೋಗದೆ ಎರಡು ಮೂರು ಪದ ಹಿಡಿದರೆ ಸಾಕು. ಆ ಪದಗಳು ಮಾತ್ರ ಹೇಳಿದವರವೇ ಆಗಿರಬೇಕು. "ಬಿಲ್ ಪಾಸಾಗೋ ಹೊತ್ತಿಗೆ ಉಸಿರು ಹೋಗುತ್ತೆ" ಎಂದು ಗುಮಾಸ್ತೆಯೊಬ್ಬರು ಹೇಳಿದ್ದನ್ನು "ಆಡಳಿತಾತ್ಮಕ ವಿಳಂಬ" ಎಂದು ಬರೆದರೆ ಅವರ ಮಾತನ್ನು ಕಸಿದುಕೊಂಡ ಹಾಗೆ. ಬರೆಯಲು ಕಪ್ಪು ಅಥವಾ ಕಡುನೀಲಿ. ಹಳದಿ, ಕಿತ್ತಳೆ ಹಿನ್ನೆಲೆಗೆ ಮಾತ್ರ. ಹಿಂದಿನ ಸಾಲಿನಲ್ಲಿ ಕೂತವರಿಗೆ ಹಳದಿ ಅಕ್ಷರ ಕಾಣುವುದಿಲ್ಲ.

ಚಿತ್ರ ಚೆನ್ನಾಗಿರಬೇಕೇ ಎಂದು ತರಬೇತಿಗಳಲ್ಲಿ ಯಾವಾಗಲೂ ಕೇಳುತ್ತಾರೆ. ತೀರಾ ಚಂದದ ಚಿತ್ರದ ಬಗ್ಗೆ ನನಗೆ ಅಂಜಿಕೆಯಿದೆ. ಮುಗಿದ ಕಲಾಕೃತಿಯಂತೆ ಕಂಡ ಕಾಗದವನ್ನು ಯಾರೂ ತಿದ್ದಲು ಬರುವುದಿಲ್ಲ. ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಕಡ್ಡಿಗೊಂಬೆ, ಬಾಣ, ಮನೆ, ಗಡಿಯಾರ, ಪ್ರಶ್ನಾರ್ಥಕ ಚಿಹ್ನೆ ಇಷ್ಟು ಬಂದರೆ ಸಾಕು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದಗಳನ್ನು ಬರೆದುಕೊಂಡವರಿಗಿಂತ ಅವುಗಳ ಚಿತ್ರ ಬರೆದವರಿಗೆ ಅವು ಹೆಚ್ಚು ನೆನಪಿನಲ್ಲಿ ಉಳಿದವು. ಅದಕ್ಕೆ ಚಿತ್ರಕಲೆಯ ಪ್ರತಿಭೆ ಬೇಕಾಗಿರಲಿಲ್ಲ. ಆ ಲಾಭ ಸಿಕ್ಕಿದ್ದು ಸ್ವತಃ ಬರೆದವರಿಗೆ ಎಂಬುದನ್ನು ಗಮನಿಸಿ. ನನ್ನ ಪೆನ್ನನ್ನು ಆದಷ್ಟು ಬೇಗ ಬೇರೆಯವರಿಗೆ ದಾಟಿಸಲು ನನಗಿರುವ ಇನ್ನೊಂದು ಕಾರಣ ಅದು.

ಸಭೆ ಮುಗಿದ ಮೇಲೆ ಆ ಕಾಗದ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಊರಿನವರು ಅರ್ಧ ದಿನದ ಕೂಲಿ ಬಿಟ್ಟು ಬರೆದು ಕಾಗದಕ್ಕಿಳಿಸಿದ ನಕ್ಷೆ ಯೋಜನಾ ಕಚೇರಿಯ ಬೀರು ಸೇರುವುದನ್ನು ಕಂಡಿದ್ದೇನೆ. ವರದಿಗೆ ಫೋಟೊ ಸಾಕು. ಮೂಲ ಊರಲ್ಲೇ ಇರಬೇಕು.

ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ಇಂದಿಗೂ ನಡಾವಳಿ ಪುಸ್ತಕ ಒಬ್ಬರ ಮುಂದಿರುತ್ತದೆ, ಸಹಿ ಉಳಿದವರದು. ಅದರ ಜೊತೆಗೆ ಗೋಡೆಗೆ ಒಂದು ಉದ್ದನೆಯ ಹಾಳೆ ಅಂಟಿಸಿ ಎಂದು ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು (ಪಿ.ಡಿ.ಒ.) ಕೇಳಿಕೊಳ್ಳುತ್ತಿರುತ್ತೇನೆ. ಎಡಕ್ಕೆ ವಾರ್ಡಿನ ನಕ್ಷೆ, ನಡುವೆ ಜನ ಹೇಳಿದ ಕೆಲಸಗಳು, ಬಲಕ್ಕೆ ಯಾರು ಮಾಡಬೇಕು, ಯಾವಾಗ ಎಂಬುದು. ಬರೆಯಲು ಹೈಸ್ಕೂಲಿನ ಮಕ್ಕಳನ್ನು ಕರೆದರೆ ಸಂತೋಷದಿಂದ ಬರುತ್ತಾರೆ. ಆ ಹಾಳೆ ಮುಂದಿನ ಸಭೆಯವರೆಗೂ ಪಂಚಾಯಿತಿ ಕಚೇರಿಯ ಗೋಡೆಯ ಮೇಲೇ ಇರಲಿ. ಮುಂದಿನ ಸಭೆ ಶುರುವಾಗುವುದು ಅದರ ಬಲಗಡೆಯ ಸಾಲನ್ನು ಎಲ್ಲರೆದುರು ಓದುವುದರಿಂದ. ಮುಗಿದ ಕೆಲಸಕ್ಕೆ ಹಸಿರು ಗುರುತು, ಉಳಿದದ್ದಕ್ಕೆ ಕಾರಣ.