ಬಸ್ ಇಳಿದವರು ಎಲ್ಲಿ ನಡೀತಾರೆ?

ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ತಗೊಂಡ ವಿಷಯ: ಊರಿನ ನಡುವಿನ ಸಾರಿಗೆ ಹಬ್ ಮತ್ತು ಸುತ್ತಲಿನ ಪ್ರದೇಶದ ಪುನಶ್ಚೇತನ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ‘ಪುನಶ್ಚೇತನ’ ಅನ್ನೋ ಪದ ಕಲಿತದ್ದೇ ಈ ಲೇಖನಕ್ಕೋಸ್ಕರ. ಮತ್ತೆ ಜೀವ ತುಂಬುವುದು ಅಂತ ಅರ್ಥ.

ಜಾಗ ಮೆಜೆಸ್ಟಿಕ್. ಮೊದಲ ಡ್ರಾಯಿಂಗ್‌ನಲ್ಲಿ ಗಾಜಿನ ಟವರ್, ಮಾಲ್, ಮೂರು ಮಹಡಿ ಪಾರ್ಕಿಂಗ್ ಎಲ್ಲಾ ಹಾಕಿದ್ವಿ. ನಮ್ಮ ಗೈಡ್ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಬಸ್ ಇಳಿದವರು ಇದರಲ್ಲಿ ಎಲ್ಲಿ ನಡೀತಾರೆ?" ನಮ್ಮ ಹತ್ರ ಉತ್ತರ ಇರಲಿಲ್ಲ. ಹಾಗಾಗಿ ಈ ಕೆಲಸ ಆಗಲೇ ಮಾಡಿರುವ ಒಂದು ಊರನ್ನು ಓದೋಣ ಅಂತ ಹೊರಟ್ವಿ.

ಆ ಊರು ಅಮೆರಿಕದ ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್. ಅಲ್ಲಿನ ಯೂನಿಯನ್ ಸ್ಟೇಷನ್ 1881ರಲ್ಲಿ ಶುರುವಾಯ್ತು. ಈಗ ಕಾಣುವ ನಡುವಿನ ದೊಡ್ಡ ಹಾಲ್ 1914ರದ್ದು. ಕಾರು, ವಿಮಾನ ಬಂದಮೇಲೆ ರೈಲು ಹತ್ತೋರು ಕಮ್ಮಿಯಾದ್ರು, ಹಿಂದಿದ್ದ ರೈಲ್ವೆ ಯಾರ್ಡ್ ಖಾಲಿ ಬಿತ್ತು. ಅದೇ ಸ್ಟೇಷನ್ 2014ರಲ್ಲಿ ಹೊಸ ರೂಪದಲ್ಲಿ ತೆರೆಯಿತು. ಇದರಿಂದ ನಾವು ಕಲಿತದ್ದು ಮೂರು ಪಾಠ.

ಪಾಠ 1: ಜೋಡಣೆ. ಹಳೆ ಕಟ್ಟಡದ ಬೆನ್ನಿಗೇ ರೈಲು ಪ್ಲಾಟ್‌ಫಾರ್ಮ್‌ಗಳಿವೆ. 2016ರಿಂದ ವಿಮಾನ ನಿಲ್ದಾಣದ ರೈಲೂ ಇಲ್ಲಿಂದಲೇ ಹೊರಡುತ್ತೆ. ಬಸ್‌ಗಳನ್ನು ನೆಲದ ಕೆಳಗೆ ಇಳಿಸಿ 22 ಬೇ ಕೊಟ್ಟರು. ಹೀಗಾಗಿ ಮೇಲಿನ ರಸ್ತೆಗಳು ನಡೆಯುವವರಿಗೆ ಉಳಿದವು. ಲೈಟ್ ರೈಲ್ ಮಾತ್ರ ಎರಡು ಬ್ಲಾಕ್ ಆಚೆ ಹೋಯ್ತು, ನೆಲದಡಿಯ ಬಸ್ ಹಾಲ್ ಎರಡನ್ನೂ ಸೇರಿಸುತ್ತೆ. ನಡುವೆ ಕಟ್ಟಡ ಕಟ್ಟೋಕೆ ಜಾಗ ಸಿಕ್ಕಿತು ನಿಜ, ಆದರೆ ಆ ಎರಡು ಬ್ಲಾಕ್‌ನ ನಡಿಗೆ ಪ್ರಯಾಣಿಕರ ಪಾಲಿಗೆ ಬಂತು. ಡಿಸೈನ್‌ನಲ್ಲಿ ಯಾವುದೂ ಪುಕ್ಕಟೆ ಅಲ್ಲ.

ಪಾಠ 2: ಹಳೆಯದನ್ನು ಒಡೆಯಬೇಕಿಲ್ಲ. ಆ ಹಾಲ್ ಹಾಗೇ ಉಳಿಸಿ, ಮೇಲಿನ ಮಹಡಿಗಳಲ್ಲಿ 112 ಕೋಣೆಯ ಹೋಟೆಲ್, ಕೆಳಗೆ ಅಂಗಡಿ, ತಿಂಡಿ ಜಾಗ ಮಾಡಿದ್ರು. ಕಾಯೋರು, ತಿನ್ನೋರು, ತಂಗೋರು ಮೂರೂ ತರಹದ ಜನ ಒಂದೇ ಕಟ್ಟಡಕ್ಕೆ ಬರ್ತಾರೆ. ಕೊನೆ ರೈಲು ಹೋದರೂ ದೀಪ ಆರಲ್ಲ.

ಪಾಠ 3: ದುಡ್ಡು. ಇದಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಎರಡು ಸಾಲ, ಸೇರಿ ಸುಮಾರು 30 ಕೋಟಿ ಡಾಲರ್. ತೀರಿಸೋ ದಾರಿಗಳಲ್ಲಿ ಮುಖ್ಯವಾದದ್ದು ಟ್ಯಾಕ್ಸ್ ಇಂಕ್ರಿಮೆಂಟ್ ಫೈನಾನ್ಸಿಂಗ್. ಹೆಸರು ಕೇಳಿ ಹೆದರಬೇಡಿ, ಲೆಕ್ಕ ಸುಲಭ. ಒಂದು ಪ್ರದೇಶದಿಂದ ಇವತ್ತು 10 ರೂಪಾಯಿ ತೆರಿಗೆ ಬರುತ್ತೆ, ಹಬ್ ಆದಮೇಲೆ 25 ಬರುತ್ತೆ ಅಂದ್ಕೊಳ್ಳಿ. 10 ಎಂದಿನಂತೆ ಖಜಾನೆಗೆ, ಹೆಚ್ಚಾದ 15 ಸಾಲಕ್ಕೆ.

ಇಲ್ಲಿಗೆ ನಮ್ಮ ರಿಪೋರ್ಟ್ ಮುಗೀತು ಅಂದುಕೊಂಡಿದ್ವಿ. ಆಮೇಲೆ ಒಂದು ವಿಷಯ ಚುಚ್ಚೋಕೆ ಶುರುವಾಯ್ತು. ಈ ಸೂತ್ರ ನಡೆಯೋದು ಜಾಗದ ಬೆಲೆ ಏರಿದ್ರೆ ಮಾತ್ರ. ಬೆಲೆ ಏರಿದ್ರೆ ಬಾಡಿಗೆನೂ ಏರುತ್ತೆ. ಡೆನ್ವರ್‌ನಲ್ಲಿ ಹೊಸ ಕಟ್ಟಡ ಎದ್ದದ್ದು ಹೆಚ್ಚಾಗಿ ಖಾಲಿ ಯಾರ್ಡ್‌ನಲ್ಲಿ. ಮೆಜೆಸ್ಟಿಕ್ ಖಾಲಿ ಇದೆಯಾ?

ಒಂದು ಭಾನುವಾರ ಬೆಳಿಗ್ಗೆ ಹೋಗಿ ನಿಂತು ನೋಡಿದ್ವಿ. ಒಂದು ಕಡೆ ಬಸ್ ನಿಲ್ದಾಣ, ರಸ್ತೆ ಆಚೆ ರೈಲು ನಿಲ್ದಾಣ, ನೆಲದಡಿ ಹಸಿರು ಮತ್ತು ನೇರಳೆ ಮೆಟ್ರೋ ಸೇರುವ ಜಾಗ. ಹೂವು ಮಾರೋರು, ತಲೆ ಮೇಲೆ ಮೂಟೆ ಹೊತ್ತೋರು, ಕಮ್ಮಿ ಬೆಲೆಯ ಲಾಡ್ಜ್ ಹುಡುಕೋರು. ಇಲ್ಲಿ ಜೀವ ತುಂಬೋದೇನು ಬಂತು, ತುಂಬಿ ತುಳುಕ್ತಾ ಇದೆ! ನಮ್ಮ ಟವರ್ ಬಂದಿದ್ರೆ ಮೊದಲು ಜಾಗ ಬಿಡಬೇಕಾಗಿದ್ದೋರು ಇವರೇ.

ಡ್ರಾಯಿಂಗ್ ಬದಲಾಯಿಸಿದ್ವಿ. ಬಸ್ಸಿಂದ ರೈಲಿಗೆ ನೆರಳಿರುವ, ಮೆಟ್ಟಿಲಿಲ್ಲದ ಒಂದೇ ದಾರಿ. ಅದರ ಅಗಲ ಒಂದು ವೀಲ್‌ಚೇರ್, ಪಕ್ಕದಲ್ಲಿ ಮೂಟೆ ಹೊತ್ತ ಇಬ್ಬರು ಹಾಯುವಷ್ಟು. ದಾರಿ ಪಕ್ಕ ಈಗಿರುವ ವ್ಯಾಪಾರಿಗಳಿಗೇ ಮೊದಲು ಕೊಡುವ, ಬಾಡಿಗೆಗೆ ಮಿತಿ ಇರುವ ಮಳಿಗೆ. ಬಸ್ ನಿಲ್ದಾಣ ಇರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಆದ್ದರಿಂದ ಮಳೆನೀರಿನ ಚರಂಡಿಯನ್ನ ಮೊದಲ ಹಾಳೆಯಲ್ಲೇ ಹಾಕಿದ್ವಿ. ಟವರ್ ಚಿಕ್ಕದಾಗಿ ಮೂಲೆಗೆ ಹೋಯ್ತು. ಆದಾಯ ಕಮ್ಮಿ ಆಗುತ್ತೆ, ಸಾಲ ತೀರೋಕೆ ಹೆಚ್ಚು ವರ್ಷ ಬೇಕು. ಅದನ್ನೂ ರಿಪೋರ್ಟ್‌ನಲ್ಲಿ ಮುಚ್ಚಿಡದೆ ಬರೆದಿದ್ದೀವಿ.

ಕೊನೆಗೆ ನಿಮಗೊಂದು ಹೋಂವರ್ಕ್. ಮುಂದಿನ ಸಲ ಊರಿಗೆ ಹೋಗುವಾಗ ಮೆಜೆಸ್ಟಿಕ್‌ನಲ್ಲಿ ಬಸ್ಸಿಂದ ರೈಲಿಗೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು, ಎಷ್ಟು ಸಲ ರಸ್ತೆ ದಾಟಿದ್ರಿ ಅಂತ ಎಣಿಸಿ. ಆಮೇಲೆ ಅದನ್ನೇ ನಿಮ್ಮ ಅಜ್ಜಿ ಜೊತೆ, ಎರಡು ಬ್ಯಾಗ್ ಹಿಡಿದು ನಡೆದಂಗೆ ಯೋಚಿಸಿ. ಹಬ್ ಡಿಸೈನ್ ಶುರುವಾಗೋದು ಅಲ್ಲಿಂದ.