ಬೆದೆಯ ತಾರೀಕು ಗೋಡೆಯ ಮೇಲಿರಲಿ

ಪ್ರಶ್ನೆ: ನಮ್ಮ ಎಚ್.ಎಫ್. ಹಸು ಕರು ಹಾಕಿ ಏಳು ತಿಂಗಳಾಯ್ತು. ನಾಲ್ಕು ಸಲ ಸೆಮೆನ್ ಹಾಕಿಸಿದರೂ ಗಬ್ಬ ನಿಲ್ಲುತ್ತಿಲ್ಲ, ಎರಡು ದಿನಕ್ಕೆ ರಕ್ತ ಬೀಳುತ್ತೆ. ಹಾಲು ಹೊತ್ತಿಗೆ ಮೂರು ಲೀಟರಿಗೆ ಇಳಿದಿದೆ, ಸಾಲದ ಕಂತು ಇಳಿದಿಲ್ಲ. ‘ನಿನ್ನ ಕಾಲ್ಗುಣ, ಘಾಟಿ ಜಾತ್ರೆಲಿ ಮಾರಿಬಿಡು’ ಅಂತಾರೆ ಅತ್ತೆ. ಏನು ಮಾಡಲಿ?
– ಓದುಗರು, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಮೊದಲು ಆ ರಕ್ತದ ಮಾತು. ಅದು ಗಬ್ಬ ಜಾರಿದ್ದಲ್ಲ. ಬೆದೆ ಮುಗಿದು ಒಂದೆರಡು ದಿನಕ್ಕೆ ಎಷ್ಟೋ ಹಸುಗಳಲ್ಲಿ, ಗಬ್ಬ ಕಟ್ಟಿದವುಗಳಲ್ಲೂ, ಕಾಣಿಸುತ್ತದೆ. ಅಲ್ಲಿಂದ ಹದಿನೆಂಟು-ಹತ್ತೊಂಬತ್ತು ದಿನ ಎಣಿಸಿ. ಗಬ್ಬ ನಿಲ್ಲದಿದ್ದರೆ ಮುಂದಿನ ಬೆದೆ ಅದರ ಆಸುಪಾಸಿನಲ್ಲೇ.

ಆ ದಿನ ಹತ್ತಿರವಾದಾಗ ರಾತ್ರಿ ಮಲಗುವ ಮುಂಚೆ, ಬೆಳಗ್ಗೆ ಹಾಲು ಕರೆಯುವ ಮುಂಚೆ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ. ಕಟ್ಟಿ ಸಾಕಿದ ಹಸು ಇನ್ನೊಂದರ ಮೇಲೆ ಹತ್ತಿ ತೋರಿಸಲಾರದು. ಅದು ಮಲಗಿದ್ದ ಚಪ್ಪಡಿ ನೋಡಿ: ಮೊಟ್ಟೆಯ ಬಿಳಿಯಂಥ ಲೋಳೆ ಬಿದ್ದಿರುತ್ತದೆ, ಬಾಲಕ್ಕೂ ಅಂಟಿರುತ್ತದೆ. ಬೆಳಗ್ಗೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಬೆದೆ ನಿಂತು ಹತ್ತು-ಹನ್ನೆರಡು ಗಂಟೆಗೆ ಅಂಡ ಹೊರಬೀಳುತ್ತದೆ. ಸೆಮೆನ್ ಕಡ್ಡಿ ಮೈನಸ್ 196 ಡಿಗ್ರಿಯಲ್ಲಿ ವರ್ಷಗಟ್ಟಲೆ ಕಾಯುತ್ತದೆ, ಅಂಡ ಕಾದರೆ ಅರ್ಧ ದಿನ. ಸೆಮೆನ್ ಹಾಕುವವರಿಗೆ ಬಿಡುವಾದಾಗ ಹಾಕಿಸಿದ್ದರಿಂದಲೇ ತಪ್ಪಿಹೋದ ಗಬ್ಬ ಎಷ್ಟೋ.

ಲೋಳೆ ಬೆಳ್ಳಗೆ ಕದಡಿದ್ದರೆ, ಕೀವಿನ ಎಳೆಯಿದ್ದರೆ ಆ ಸಲ ಹಾಕಿಸಬೇಡಿ, ಗರ್ಭಕೋಶಕ್ಕೆ ಸೋಂಕಾಗಿರಬಹುದು. ಹೋದ ಸಲ ಮಾಸು ಬೀಳಲು ತಡವಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹೇಗಿದ್ದರೂ ಐದನೇ ಸಲಕ್ಕೆ ಮುಂಚೆ ಪರೀಕ್ಷೆ ಆಗಲೇಬೇಕು. ಆಸ್ಪತ್ರೆ ದೂರವಾದರೆ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ ವಿಚಾರಿಸಿ.

ಬರೀ ರಾಗಿಹುಲ್ಲಿನ ಮೇಲಿದ್ದು, ಮೈ ಕರಗಿಸಿ ಹಾಲು ಕೊಡುವ ಹಸು ಗಬ್ಬ ಕಟ್ಟುವುದು ಕಷ್ಟ. ಹಸಿಮೇವು, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಇರಲಿ. ಊರ ಹೋರಿಗೆ ಬಿಡಿ ಎನ್ನುವವರು ಸಿಗುತ್ತಾರೆ. ಹೊತ್ತು ಕೂಡಿಬಂದು ಗಬ್ಬ ನಿಲ್ಲಲೂಬಹುದು, ಆದರೆ ಆ ಹೋರಿ ಹತ್ತು ಕೊಟ್ಟಿಗೆಯ ರೋಗ ಹೊತ್ತು ಬಂದಿರಬಹುದು.

ಕಾಲ್ಗುಣದ ಮಾತು ಬಿಡಿ. ಘಾಟಿ ಜಾತ್ರೆಯೋ ಹಳ್ಳಿಕಾರ್ ಎತ್ತುಗಳದ್ದು, ಗಬ್ಬವಿಲ್ಲದ ಎಚ್.ಎಫ್.ಗೆ ಅಲ್ಲಿ ಯಾರು ಬೆಲೆ ಕಟ್ಟುತ್ತಾರೆ? ಕ್ಯಾಲೆಂಡರಿನಲ್ಲಿ ಬೆದೆಯ ತಾರೀಕಿಗೆ ಸುತ್ತು ಹಾಕಿ, ರಾತ್ರಿ ಟಾರ್ಚ್ ಹಿಡಿಯುವ ಕೆಲಸ ಅತ್ತೆಯವರಿಗೇ ಒಪ್ಪಿಸಿ. ನಿದ್ದೆ ಕಡಿಮೆಯಿರುವ ಹಿರಿಯರಷ್ಟು ಚೆನ್ನಾಗಿ ಬೆದೆ ಹಿಡಿದವರನ್ನು ನಾನು ಕಂಡಿಲ್ಲ.